ಎರಡನೆಯ ಸಲ

ಮನುಷ್ಯನು ಮಾಡುವ ತಪ್ಪುಗಳಲ್ಲಿ ಮೊದಲನೆಯದಕ್ಕೆ ಒಂದು ವಿಶೇಷವಾದ ಮರ್ಯಾದೆಯುಂಟು. ಮಗು ಮೊದಲ ಸಲ ಹಾಲಿನ ಲೋಟವನ್ನು ಉರುಳಿಸಿದರೆ ಮನೆಮಂದಿಯೆಲ್ಲ ನಗುತ್ತಾರೆ. ಹುಡುಗನು ಮೊದಲ ಸಲ ಪರೀಕ್ಷೆಯಲ್ಲಿ ನಪಾಸಾದರೆ, ಈ ವರ್ಷ ಪ್ರಶ್ನೆಪತ್ರಿಕೆಯೇ ಕಠಿನವಾಗಿತ್ತಂತೆ ಎಂದು ತಾಯಿ ನೆರೆಮನೆಯಲ್ಲಿ ಹೇಳಿಕೊಂಡು ಬರುತ್ತಾಳೆ. ಕುಡಿದು ಗಾಡಿ ಓಡಿಸಿ ಪೊಲೀಸಿನವರ ಕೈಗೆ ಸಿಕ್ಕಿಬಿದ್ದ ಗೃಹಸ್ಥನಿಗೂ ಮೊದಲ ಸಲ ಇಂಥದೇ ಒಂದು ರಿಯಾಯಿತಿ ದೊರೆಯುತ್ತದೆ. ಗೆಳೆಯರ ಕೂಟದಲ್ಲಿ ಅದೊಂದು ರಸವತ್ತಾದ ಕಥೆಯಾಗುತ್ತದೆ. ಕೊಳವೆಯನ್ನು ಬಾಯಿಗಿಟ್ಟು "ಊದಿ ಸಾರ್, ಜೋರಾಗಿ ಊದಿ" ಎಂದು ಪೇದೆ ಹೇಳಿದ್ದು, ಇವನು ಊದಿದಂತೆ ನಟಿಸಿದ್ದು, ಯಂತ್ರವು ನಟನೆಗೆ ಮರುಳಾಗದೆ ಕೀ ಎಂದು ಕೂಗಿದ್ದು—ಹೇಳಿದಷ್ಟೂ ಕಥೆ ಬೆಳೆಯುತ್ತದೆ. ಕೇಳುವವರಲ್ಲಿ ಇಬ್ಬರಾದರೂ "ನನಗೂ ಹೀಗೆಯೇ ಆಗಿತ್ತು" ಎಂದು ತಮ್ಮ ತಮ್ಮ ಕಥೆಯನ್ನು ಎತ್ತಿಕೊಳ್ಳುತ್ತಾರೆ.

ಎರಡನೆಯ ಸಲ ಸಿಕ್ಕಿಬಿದ್ದದ್ದನ್ನು ಮಾತ್ರ ಯಾರೂ ಕಥೆಯಾಗಿ ಹೇಳುವುದಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ ಇಂಥ ಒಬ್ಬ ಗೃಹಸ್ಥನಿದ್ದಾನೆ. ಹೆಸರು ಬೇಡ; ಇಷ್ಟು ಹೊತ್ತಿಗೆ ಓದುಗರಲ್ಲಿ ಅನೇಕರಿಗೆ ತಮ್ಮ ಬಳಗದ ಒಂದೊಂದು ಹೆಸರು ನೆನಪಿಗೆ ಬಂದೇ ಇರುತ್ತದೆ. ವಯಸ್ಸು ನಲವತ್ತಾರು. ಖಾಸಗಿ ಕಂಪೆನಿಯೊಂದರಲ್ಲಿ ಲೆಕ್ಕಪತ್ರಗಳ ಅಧಿಕಾರಿ. ಮನೆಯಲ್ಲಿ ನಿವೃತ್ತ ಹೈಸ್ಕೂಲು ಮೇಷ್ಟರಾದ ತಂದೆ, ಹೆಂಡತಿ, ಎಂಟನೆಯ ತರಗತಿಯಲ್ಲಿ ಓದುವ ಮಗಳು. ಸಾಲ ಮಾಡಿದವನಲ್ಲ, ಯಾರೊಡನೆಯೂ ಜಗಳವಾಡಿದವನಲ್ಲ. ವರಮಹಾಲಕ್ಷ್ಮಿಯ ಹಬ್ಬಕ್ಕೆ ಬಾಳೆಕಂದನ್ನು ತಾನೇ ಹೋಗಿ ಆರಿಸಿ ತರುವವನು. ಅವನನ್ನು ಕುಡುಕನೆಂದರೆ ಅವನಿಗಿಂತ ಮೊದಲು ಬೀದಿಯವರೇ ಸಿಟ್ಟಾದಾರು. ಶುಕ್ರವಾರದ ಸಂಜೆ ಕಚೇರಿಯ ಸ್ನೇಹಿತರೊಡನೆ ಎರಡು ಗಂಟೆ ಕುಳಿತು ಬರುತ್ತಾನೆ, ಅಷ್ಟೆ. ತಿಂಗಳ ಕೊನೆಯ ಲೆಕ್ಕ ಮುಗಿದ ದಿನ ಇನ್ನೊಂದು ಸಲ. ಯಾರಾದರೂ ಕೆಲಸ ಬಿಟ್ಟು ಹೋದರೆ ಬೀಳ್ಕೊಡುಗೆಗೆಂದು ಮತ್ತೊಂದು.

ಕುಡುಕ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬಂದು ನಿಲ್ಲುವವನು ರಾಜರತ್ನಂ ಅವರ ಎಂಡ್ಕುಡ್ಕ ರತ್ನ. ಕುಡಿತದ ಕವಿ ಎನ್ನಿಸಿಕೊಂಡ ರಾಜರತ್ನಂ ಸ್ವತಃ ಕುಡಿದವರಲ್ಲ. ಅವರ ರತ್ನನು ಕುಡಿದನಾದರೂ ಗಾಡಿ ಓಡಿಸಿದವನಲ್ಲ. ತೂರಾಡುತ್ತ ನಡೆದುಹೋಗುವವನು ಬಿದ್ದರೆ ಮೊಣಕಾಲು ತರೆದುಕೊಳ್ಳುವುದು ಅವನದೇ. ಅದಕ್ಕಾಗಿಯೇ ಅವನನ್ನು ಪ್ರೀತಿಸುವುದು ಓದುಗರಿಗೆ ಸುಲಭವಾಯಿತು. ಇಂದಿನ ರತ್ನನ ಕೈಯಲ್ಲಿ ನೂರು ಕಿಲೋ ತೂಕದ ಸ್ಕೂಟರೋ ಸಾವಿರ ಕಿಲೋ ತೂಕದ ಕಾರೋ ಇರುತ್ತದೆ. ಅವನು ತೂರಾಡಿದರೆ ಬೀಳುವವರು ಬೇರೆಯವರು.

ಈ ಗೃಹಸ್ಥನ ಅಡಿಗೆಮನೆಯ ಗೋಡೆಗೆ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರೊಂದನ್ನು ತೂಗುಹಾಕಿದೆ. ಹಾಲು ಹೆಚ್ಚಿಗೆ ಕೊಂಡ ದಿನ, ಗ್ಯಾಸ್ ಸಿಲಿಂಡರು ಬದಲಾಯಿಸಿದ ದಿನ, ಕೆಲಸದವಳು ಬಾರದ ದಿನ, ಮೇಷ್ಟರ ರಕ್ತದೊತ್ತಡದ ಅಂಕಿ ಎಲ್ಲವೂ ಅದರ ಚೌಕಗಳಲ್ಲಿ ಅವನ ಹೆಂಡತಿಯ ಸಣ್ಣ ಅಕ್ಷರಗಳಲ್ಲಿ ದಾಖಲಾಗಿರುತ್ತವೆ. ಕೆಲವು ಚೌಕಗಳ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಅದರ ಅರ್ಥವನ್ನು ಆಕೆ ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ಗಂಡನು ಕುಡಿದು ಸ್ಕೂಟರಿನಲ್ಲಿ ಮನೆಗೆ ಬಂದ ರಾತ್ರಿಗಳು ಅವು. ಗೇಟಿನ ಸದ್ದು ಕೇಳುವವರೆಗೆ ಆಕೆ ಹೊರಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾಳೆ. ಸದ್ದು ಕೇಳಿದ ಮೇಲೆ ಅಡಿಗೆಮನೆಗೆ ಹೋಗಿ ಚುಕ್ಕೆಯಿಡುತ್ತಾಳೆ. ವರ್ಷ ಮುಗಿದಾಗ ಕ್ಯಾಲೆಂಡರನ್ನು ಎಸೆಯದೆ, ಹಾಲಿನ ಲೆಕ್ಕಕ್ಕೆ ಬೇಕಾದೀತೆಂದು ಸುರುಳಿ ಸುತ್ತಿ ಅಟ್ಟದ ಮೇಲಿಡುತ್ತಾಳೆ.

ಮೊದಲನೆಯ ಸಲ ಅವನು ಸಿಕ್ಕಿಬಿದ್ದದ್ದು 2017ರ ಡಿಸೆಂಬರಿನಲ್ಲಿ. ಈ ಅಪರಾಧಕ್ಕೆ ರಸ್ತೆಯಲ್ಲಿಯೇ ದಂಡ ಕಟ್ಟಿ ರಸೀದಿ ಪಡೆದು ಹೋಗುವ ಸೌಕರ್ಯವಿಲ್ಲ. ಮೋಟಾರು ವಾಹನಗಳ ಕಾಯಿದೆಯ 200ನೆಯ ಕಲಮಿನಲ್ಲಿ, ಸ್ಥಳದಲ್ಲಿಯೇ ಹಣ ಕಟ್ಟಿ ರಾಜಿಯಾಗಬಹುದಾದ ಅಪರಾಧಗಳ ಒಂದು ಪಟ್ಟಿಯುಂಟು. ಕುಡಿದು ಓಡಿಸುವುದಕ್ಕೆ ಸಂಬಂಧಿಸಿದ 185ನೆಯ ಕಲಮು ಆ ಪಟ್ಟಿಯಲ್ಲಿಲ್ಲ. ಸಿಕ್ಕವನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಲೇಬೇಕು. ಇವನೂ ನಿಂತನು, ತಪ್ಪನ್ನು ಒಪ್ಪಿಕೊಂಡನು. ಆಗ ಜಾರಿಯಲ್ಲಿದ್ದ ಕಾನೂನಿನಂತೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡು ಸಾವಿರ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಎರಡು ಸಾವಿರ ಕಟ್ಟಿ ಹೊರಗೆ ಬಂದನು. "ಆ ಸಂಜೆಯ ಬಿಲ್ಲೇ ಇದಕ್ಕಿಂತ ಹೆಚ್ಚಾಗಿತ್ತಲ್ಲ ಮಾರಾಯ!" ಎಂದು ಸ್ನೇಹಿತನೊಬ್ಬನು ನಕ್ಕನು. ಕಾಯಿದೆಯ 20ನೆಯ ಕಲಮು ಇಂಥವನನ್ನು ಕನಿಷ್ಠ ಆರು ತಿಂಗಳು ಗಾಡಿ ಓಡಿಸಲು ಅನರ್ಹನೆಂದು ಸಾರಬೇಕೆನ್ನುತ್ತದೆ, ಅದೂ ಆಯಿತು. ಮೊದಲ ತಿಂಗಳು ಬಸ್ಸಿನಲ್ಲಿ ಓಡಾಡಿದನು. ಎರಡನೆಯ ತಿಂಗಳು, ಒಳರಸ್ತೆಗಳಲ್ಲಿ ಮಾತ್ರ ಎಂದು ತನಗೆ ತಾನೇ ಹೇಳಿಕೊಂಡು ಸ್ಕೂಟರನ್ನು ಹೊರಗೆ ತೆಗೆದನು. ಅನರ್ಹನಾದವನು ಗಾಡಿ ಮುಟ್ಟುವುದು ಬೇರೆಯೇ ಒಂದು ಅಪರಾಧವೆಂಬುದು ಅವನಿಗೆ ತಿಳಿಯದ ವಿಷಯವೇನಲ್ಲ.

ನ್ಯಾಯಾಲಯದ ದಾಖಲೆಯಲ್ಲಿ ಅದು ಅವನ ಒಂದನೆಯ ಅಪರಾಧ. ಅಡಿಗೆಮನೆಯ ಗೋಡೆಯ ಮೇಲೆ, ಆ ಒಂದು ವರ್ಷದ ಲೆಕ್ಕದಲ್ಲಿಯೇ, ಅರವತ್ತನಾಲ್ಕನೆಯದು.

ಇಡೀ ವಿಷಯದ ಮರ್ಮ ಈ ಎರಡು ಅಂಕಿಗಳ ನಡುವೆಯೇ ಅಡಗಿದೆ. ಕಾನೂನು ಎಣಿಸುವುದು ಸಿಕ್ಕಿಬಿದ್ದದ್ದನ್ನು. ಮನೆ ಎಣಿಸುವುದು ನಡೆದದ್ದನ್ನು.

ಕುಡಿದು ಮೋಟಾರು ಓಡಿಸಿ ಮೊಟ್ಟಮೊದಲು ದಂಡ ತೆತ್ತವನೆಂದು ಪ್ರಸಿದ್ಧನಾಗಿರುವವನು ಲಂಡನ್ನಿನ ಒಬ್ಬ ಟ್ಯಾಕ್ಸಿ ಚಾಲಕ. 1897ರ ಸೆಪ್ಟೆಂಬರ್ 10ರಂದು ತನ್ನ ಗಾಡಿಯನ್ನು ಕಟ್ಟಡವೊಂದಕ್ಕೆ ಗುದ್ದಿಸಿ 25 ಷಿಲಿಂಗ್ ಕಟ್ಟಿದನು. ಭಾರತದಲ್ಲಿ 1939ರ ಮೋಟಾರು ಕಾಯಿದೆಯ 117ನೆಯ ಕಲಮು ಈ ಅಪರಾಧವನ್ನು ಹೇಳುತ್ತಿತ್ತು. ಗಾಡಿಯನ್ನು ಹತೋಟಿಯಲ್ಲಿಡಲಾರದಷ್ಟು ಅಮಲೇರಿತ್ತೇ ಎಂಬುದು ಅಲ್ಲಿನ ಪ್ರಶ್ನೆ. ಕಾಲು ತಡವರಿಸಿತು, ನಾಲಗೆ ತೊದಲಿತು, ಕಣ್ಣು ಕೆಂಪಾಗಿತ್ತು ಎಂದು ಪೊಲೀಸಿನವರು ಹೇಳಬೇಕು. ಕಾಲಿಗೆ ವಾತ, ನಾಲಗೆ ಹುಟ್ಟಿನಿಂದಲೂ ಹಾಗೆಯೇ, ಕಣ್ಣಿಗೆ ಬೇನೆ ಎಂದು ವಕೀಲರು ಉತ್ತರ ಕೊಡಬಹುದು. 1988ರ ಕಾಯಿದೆಯು ಮಾತನ್ನು ಬಿಟ್ಟು ಅಂಕಿಯನ್ನು ಹಿಡಿಯಿತು. ನೂರು ಮಿಲಿಲೀಟರು ರಕ್ತದಲ್ಲಿ ಮದ್ಯಸಾರವು 30 ಮಿಲಿಗ್ರಾಮನ್ನು ಮೀರಿದರೆ ಅಪರಾಧ. ಗಾಡಿ ನೇರವಾಗಿಯೇ ಹೋಗುತ್ತಿತ್ತು, ಯಾರಿಗೂ ತಾಕಲಿಲ್ಲ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಇಂಗ್ಲೆಂಡಿನಲ್ಲಿ ಈ ಮಿತಿ 80. ಈ ಒಂದು ವಿಷಯದಲ್ಲಿ ಭಾರತದ ಶಾಸನವು ತನ್ನ ಹಳೆಯ ಗುರುವಿಗಿಂತ ಕಟ್ಟುನಿಟ್ಟಾಗಿದೆ.

ಈ ಮೂವತ್ತರ ಅಂಕಿಯನ್ನು ಕುರಿತು ಗೃಹಸ್ಥರಲ್ಲಿ ಅನೇಕ ಭ್ರಮೆಗಳಿವೆ. ಮಜ್ಜಿಗೆ ಕುಡಿದರೆ ಇಳಿಯುತ್ತದೆ, ನಿಂಬೆಹಣ್ಣು ಚೀಪಿದರೆ ಇಳಿಯುತ್ತದೆ, ಸ್ಟ್ರಾಂಗ್ ಕಾಫಿಗೆ ಅಮಲು ಓಡಿಹೋಗುತ್ತದೆ ಎನ್ನುವವರುಂಟು. ಕಾಫಿ ನಿದ್ದೆಯನ್ನು ಓಡಿಸುತ್ತದೆಯೇ ಹೊರತು ಮದ್ಯಸಾರವನ್ನಲ್ಲ. ಅದನ್ನು ಕರಗಿಸುವ ಕೆಲಸ ಯಕೃತ್ತಿನದು, ಮತ್ತು ಯಕೃತ್ತು ಯಾರ ಅವಸರಕ್ಕೂ ಕಿವಿಗೊಡುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಸ್ವಲ್ಪ ಹೆಚ್ಚು ಕಡಿಮೆಯಾದರೂ, ಗಂಟೆಯೊಂದಕ್ಕೆ ಸುಮಾರು 15 ಮಿಲಿಗ್ರಾಮಿನಷ್ಟು ಇಳಿಯುತ್ತದೆಂದು ಹೇಳಬಹುದು. ನಡುರಾತ್ರಿ ಹನ್ನೆರಡಕ್ಕೆ 150 ಇದ್ದವನಿಗೆ ಬೆಳಿಗ್ಗೆ ಏಳು ಗಂಟೆಗೆ ಇನ್ನೂ 45 ಉಳಿದಿರುತ್ತದೆ. ಏಳು ಗಂಟೆಗೆ ಅವನು ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು, ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡಲು ಹೊರಟಿರುತ್ತಾನೆ. ಆ ಬೆಳಗಿನ ಪ್ರಯಾಣಕ್ಕೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೂಡ ಚುಕ್ಕೆ ಬೀಳುವುದಿಲ್ಲ.

ಪುನಃ ಪುನಃ ತಪ್ಪು ಮಾಡುವವನಿಗೆ ದಂಡವನ್ನು ಏರಿಸುತ್ತ ಹೋಗುವುದು ಹೊಸ ಯೋಚನೆಯೇನಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗಂಟುಕಳ್ಳನಿಗೆ ಅಂಗಚ್ಛೇದದ ಬದಲು ತೆರಬಹುದಾದ ದಂಡವು ಮೊದಲ ಸಲ 54 ಪಣ, ಎರಡನೆಯ ಸಲ 100, ಮೂರನೆಯ ಸಲ 400. ನಾಲ್ಕನೆಯ ಸಲ ಹಣದ ಮಾತೇ ಇಲ್ಲ, ಪ್ರಾಣವೇ ದಂಡ. ಪುರಾಣದವರು ಇನ್ನೂ ಉದಾರಿಗಳು. ಶಿಶುಪಾಲನ ತಾಯಿಗೆ ಕೊಟ್ಟ ಮಾತಿನಂತೆ ಶ್ರೀಕೃಷ್ಣನು ನೂರು ತಪ್ಪುಗಳನ್ನು ಸಹಿಸಿಕೊಂಡನು. ಆದರೆ ಅಲ್ಲಿ ಒಂದು ಅನುಕೂಲವಿತ್ತು: ಎಣಿಸುತ್ತಿದ್ದವನು ಸ್ವತಃ ಭಗವಂತ. ಒಂದು ತಪ್ಪೂ ಲೆಕ್ಕದಿಂದ ಜಾರಿಹೋಗುವ ಸಂಭವವಿರಲಿಲ್ಲ.

ಮನುಷ್ಯರು ಮಾಡಿದ ಶಾಸನಕ್ಕೆ ಆ ಅನುಕೂಲವಿಲ್ಲ. 1988ರ ಕಾಯಿದೆಯ ಮೂಲ ರೂಪದಲ್ಲಿ ಎರಡನೆಯ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸಜೆ, ಅಥವಾ ಮೂರು ಸಾವಿರ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ ಎಂದಿತ್ತು. ಆದರೆ ಒಂದು ಕಟ್ಟಳೆಯೊಡನೆ: ಹಿಂದಿನ ಅಪರಾಧವು ಮೂರು ವರ್ಷಗಳೊಳಗೆ ನಡೆದಿರಬೇಕು. ಮೂರು ವರ್ಷ ದಾಟಿದರೆ ಹಳೆಯದು ಅಳಿಸಿದ ಹಾಗೆ. ಆಮೇಲೆ ಮಾಡಿದ್ದು ಮತ್ತೆ ಮೊದಲನೆಯದೇ. 2019ರಲ್ಲಿ ಸಂಸತ್ತು ಈ ಕಾಯಿದೆಯನ್ನು ತಿದ್ದಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಮೊದಲ ಅಪರಾಧದ ಜುಲ್ಮಾನೆ ಹತ್ತು ಸಾವಿರ, ಎರಡನೆಯದಕ್ಕೆ ಹದಿನೈದು ಸಾವಿರ. ಸಜೆಯ ಮಿತಿಗಳು ಹಿಂದಿನಂತೆಯೇ. ಪತ್ರಿಕೆಗಳು ಈ ಸಾವಿರಗಳನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದವು. ಚಹದಂಗಡಿಗಳಲ್ಲಿ ಜನ ಅದನ್ನೇ ಚರ್ಚಿಸಿದರು. ಅದೇ ತಿದ್ದುಪಡಿಯಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು: ಮೂರು ವರ್ಷಗಳ ಆ ಕಟ್ಟಳೆಯನ್ನು ತೆಗೆದುಹಾಕಿದ್ದರು. ಈಗ ಎರಡನೆಯದು ಎಂದರೆ ಎರಡನೆಯದು. ನಡುವೆ ಎಷ್ಟು ವರ್ಷಗಳು ಕಳೆದಿದ್ದರೂ ಅಷ್ಟೆ.

ಇದು ನ್ಯಾಯವೇ ಎಂದು ಕೇಳುವವರಿದ್ದಾರೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಗೆಳೆಯನ ಮದುವೆಯ ಹಿಂದಿನ ರಾತ್ರಿ ಸಿಕ್ಕಿಬಿದ್ದವನು, ಐವತ್ತರಲ್ಲಿ ಮತ್ತೊಮ್ಮೆ ಸಿಕ್ಕರೆ ಅವನು ಹಳೆಯ ಅಪರಾಧಿಯೇ? ಈ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಕಾಯಿದೆಯೂ ಮರೆವನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಲೈಸೆನ್ಸಿನ ಮೇಲೆ ಬಿದ್ದ ಷರಾವು, ಮೂರು ವರ್ಷ ಮತ್ತೊಂದು ಬೀಳದಿದ್ದರೆ ಇಲ್ಲವಾಗುತ್ತದೆ, ಹೊಸ ಲೈಸೆನ್ಸು ಶುಭ್ರವಾಗಿ ಕೈಗೆ ಬರುತ್ತದೆಂದು ಅದರ 25ನೆಯ ಕಲಮು ಈಗಲೂ ಹೇಳುತ್ತದೆ. ಎರಡು ವರ್ಷದ ಸಜೆಯೆಂಬುದು ಮೇಲಿನ ಮಿತಿಯೇ ಹೊರತು ಕೆಳಗಿನದಲ್ಲ. ನಡುವೆ ಕನಿಕರ ತೋರಲು ಮ್ಯಾಜಿಸ್ಟ್ರೇಟರಿಗೆ ಬೇಕಾದಷ್ಟು ಅವಕಾಶವಿದೆ. ಆದರೆ ಹಳೆಯ ಕಟ್ಟಳೆಯಲ್ಲಿ ಒಂದು ಮುಗ್ಧತೆಯಿತ್ತು. ಮೂರು ವರ್ಷ ಸಿಕ್ಕಿಬೀಳದವನು ಮೂರು ವರ್ಷ ತಪ್ಪು ಮಾಡಿಲ್ಲವೆಂದು ಅದು ನಂಬಿಕೊಂಡಿತ್ತು. ನಗರದ ಯಾವ ತಿರುವಿನಲ್ಲಿ ಶುಕ್ರವಾರ ರಾತ್ರಿ ಪೊಲೀಸಿನವರು ನಿಲ್ಲುತ್ತಾರೆ, ಯಾವ ಓಣಿಯಿಂದ ಹೊಕ್ಕರೆ ಅವರ ಹಿಂದುಗಡೆಗೆ ಬಂದು ಬಿಡಬಹುದು ಎಂಬುದನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ತಿಳಿಸುವ ಕಾಲದಲ್ಲಿ ಆ ನಂಬಿಕೆ ನಿಲ್ಲುವಂಥದಲ್ಲ. ಈ ಗೃಹಸ್ಥನೇ ಏಳು ವರ್ಷ ಸಿಕ್ಕಿಬೀಳಲಿಲ್ಲ. 2020ರಲ್ಲಿ ಸಾಂಕ್ರಾಮಿಕದ ಭಯದಿಂದ ಊದುವ ಯಂತ್ರವನ್ನೇ ಕೆಲಕಾಲ ಬದಿಗಿಟ್ಟಿದ್ದರು. ಆಮೇಲೆ ಅದು ಮತ್ತೆ ರಸ್ತೆಗೆ ಬಂದಿತು, ಇವನು ಓಣಿಗಳಿಗೆ ಬಂದನು. ಅಟ್ಟದ ಮೇಲೆ ಕ್ಯಾಲೆಂಡರುಗಳ ಸುರುಳಿಗಳು ಒಂದೊಂದಾಗಿ ಸೇರಿದವು.

2024ರ ನವೆಂಬರಿನ ಒಂದು ಶುಕ್ರವಾರ ಓಣಿಯ ಬಾಯಲ್ಲಿಯೇ ಪೊಲೀಸಿನವರು ನಿಂತಿದ್ದರು. ಯಂತ್ರವು 96 ಎಂದು ತೋರಿಸಿತು. ಸ್ಕೂಟರನ್ನು ವಶಕ್ಕೆ ತೆಗೆದುಕೊಂಡರು, ಲೈಸೆನ್ಸನ್ನೂ ತೆಗೆದುಕೊಂಡರು. 2019ರ ತಿದ್ದುಪಡಿಯ ನಂತರ, ಇಂಥ ಸಂದರ್ಭದಲ್ಲಿ ಅದನ್ನು ಹಿಡಿದಿಟ್ಟು ಲೈಸೆನ್ಸು ಕೊಟ್ಟ ಅಧಿಕಾರಿಗೆ ಕಳುಹಿಸುವುದು ಪೊಲೀಸಿನವರ ಕರ್ತವ್ಯವೇ ಆಗಿದೆ. ಹನ್ನೊಂದೂವರೆಗೆ ಮನೆಗೆ ಫೋನು ಮಾಡಿದನು. ಎತ್ತಿಕೊಂಡವಳು ಮಗಳು. ಕೇಳಿಸಿಕೊಂಡು, ಬಾಗಿಲ ಬಳಿಯ ಕುರ್ಚಿಯ ಕಡೆ ತಿರುಗಿ, "ಅಮ್ಮಾ, ಅಪ್ಪ. ಮತ್ತೆ ಹಿಡಿದರಂತೆ" ಎಂದಳು.

ಮೊದಲ ಸಲ ಹಿಡಿದಾಗ ಅವಳಿಗೆ ಆರು ವರ್ಷ. ಗಾಡಿ ಕೆಟ್ಟಿದೆಯೆಂದು ಆಗ ಅವಳಿಗೆ ಹೇಳಿದ್ದರು. ಅವಳ ಬಾಯಿಂದ ಬಂದ ಆ 'ಮತ್ತೆ' ಎಂಬ ಎರಡಕ್ಷರವನ್ನು ಅವನು ಫೋನಿನ ಈ ತುದಿಯಲ್ಲಿ ಕೇಳಿಸಿಕೊಂಡನು.

ನಡುರಾತ್ರಿ ಕಳೆದು ಆಟೋದಲ್ಲಿ ಬಂದಿಳಿದಾಗ ಮೇಷ್ಟರು ಎದ್ದೇ ಇದ್ದರು. ಅವರು ಮಗನನ್ನು ಬೈದು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಆ ದಿನವೂ ಬೈಯಲಿಲ್ಲ. "ಶಿಶುಪಾಲನಿಗೆ ನೂರು ಕೊಟ್ಟಿದ್ದರು ಕಣಪ್ಪ, ನಿನಗೆ ಎರಡೇ" ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಮಲಗಿದರು.

ಮರುವಾರ ವಕೀಲರ ಬಳಿ ಅವನು ಕೇಳಿದ ಮೊದಲ ಪ್ರಶ್ನೆ, ಇದನ್ನು ಮೊದಲನೆಯದೆಂದು ತೋರಿಸಲಾಗದೆ ಎಂಬುದು. ಪ್ರಶ್ನೆಯಲ್ಲಿ ಅರ್ಥವಿಲ್ಲದಿರಲಿಲ್ಲ. ಹಿಂದಿನ ಶಿಕ್ಷೆಯ ಕಾರಣದಿಂದ ಈಗಿನ ಶಿಕ್ಷೆಯನ್ನು ಏರಿಸಬೇಕಾದರೆ, ಆ ಹಿಂದಿನದು ಯಾವುದು, ಎಂದು, ಎಲ್ಲಿ ಆಯಿತೆಂಬುದನ್ನು ಆರೋಪದಲ್ಲಿಯೇ ನಮೂದಿಸಬೇಕು, ರುಜುವಾತು ಮಾಡಬೇಕು. ಬೀದಿಗೆಲ್ಲ ಗೊತ್ತಿದ್ದರೂ, ಮನೆಯ ಗೋಡೆಯ ಮೇಲೆ ಬರೆದಿದ್ದರೂ ನ್ಯಾಯಾಲಯವು ಅದನ್ನು ಎಣಿಸುವಂತಿಲ್ಲ. ಹಾಗಿರುವುದೇ ಸರಿ, ನೆರೆಯವರ ಮಾತಿನ ಮೇಲೆ ಶಿಕ್ಷೆ ಏರುವ ದೇಶದಲ್ಲಿ ಯಾರೂ ನೆಮ್ಮದಿಯಾಗಿರಲಾರರು. ಹಳೆಯ ದಿನಗಳಲ್ಲಿ ಈ ನಿಯಮವೇ ಅಪರಾಧಿಗೆ ದೊಡ್ಡ ಆಸರೆಯಾಗಿತ್ತು. ಲೈಸೆನ್ಸು ಪುಸ್ತಕದ ರೂಪದಲ್ಲಿದ್ದಾಗ ಷರಾವನ್ನು ಅದರ ಪುಟದಲ್ಲಿ ಬರೆಯುತ್ತಿದ್ದರು; ಪುಸ್ತಕವೇ ಕಳೆದುಹೋದರೆ? ಒಂದು ಊರಿನ ನ್ಯಾಯಾಲಯದ ರಿಜಿಸ್ಟರನ್ನು ಇನ್ನೊಂದು ಊರಿನವರು ತೆರೆದು ನೋಡುವುದುಂಟೆ? ಹೀಗೆ ಒಬ್ಬನೇ ಮನುಷ್ಯನು ಮೈಸೂರಿನಲ್ಲಿ ಒಮ್ಮೆ, ತುಮಕೂರಿನಲ್ಲಿ ಒಮ್ಮೆ, ಬೆಂಗಳೂರಿನಲ್ಲಿ ಒಮ್ಮೆ 'ಮೊದಲ' ತಪ್ಪನ್ನು ಮಾಡಬಹುದಾಗಿತ್ತು. ಈಗ ಲೈಸೆನ್ಸುಗಳ ವಿವರಗಳೆಲ್ಲ ಸಾರಥಿ ಎಂಬ ಹೆಸರಿನ ಗಣಕಯಂತ್ರ ವ್ಯವಸ್ಥೆಯಲ್ಲಿ ದೇಶಾದ್ಯಂತ ಒಂದೆಡೆ ಸೇರಿವೆ. ಹೆಸರನ್ನು ಇಟ್ಟವರು ಯಾರೋ! ಅರ್ಜುನನ ರಥ ಹೊಡೆದವನೇ ಶಿಶುಪಾಲನ ಲೆಕ್ಕವನ್ನೂ ಇಟ್ಟವನು. ವಕೀಲರು ಕಡತವನ್ನು ತಿರುಗಿಸಿ ನೋಡಿ, "2017ರದು ಇಲ್ಲಿ ಕಾಣಿಸಿಬಿಟ್ಟಿದೆಯಲ್ಲ ಸ್ವಾಮಿ" ಎಂದರು.

"ಯಾರಿಗೂ ಏನೂ ಆಗಲಿಲ್ಲವಲ್ಲ ಸಾರ್" ಎಂದು ಅವನು ಎರಡನೆಯ ಮಾತನ್ನು ತೆಗೆದನು. ಎಲ್ಲರೂ ತೆಗೆಯುವ ಮಾತು ಇದೇ. ಕುಡಿದು ಲಾರಿ ಓಡಿಸಿ ಚಿಕ್ಕ ಅಪಘಾತ ಮಾಡಿದ ಸರ್ಕಾರಿ ಚಾಲಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ: ಪ್ರಾಣಹಾನಿಯಾಗದಿದ್ದುದು ಅದೃಷ್ಟದ ಮಾತು, ಅದು ಚಾಲಕನ ಪುಣ್ಯವಲ್ಲ, ರಿಯಾಯಿತಿಗೆ ಆಧಾರವೂ ಅಲ್ಲ. ಅದೃಷ್ಟ ಕೈಕೊಟ್ಟಾಗ ಏನಾಗುತ್ತದೆಂಬುದಕ್ಕೆ ಮುಂಬಯಿಯ ಕಾರ್ಟರ್ ರಸ್ತೆಯ ನಿದರ್ಶನವಿದೆ. 2006ರ ನವೆಂಬರ್ 12ರಂದು ಬೆಳಗಾಗುವ ಮುನ್ನ ಅಲ್ಲಿ ಕಾರೊಂದು ಕಾಲುದಾರಿಯ ಮೇಲೆ ಮಲಗಿದ್ದ ಕೂಲಿಗಾರರ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಚಾಲಕ ಯುವಕನ ರಕ್ತದಲ್ಲಿ ಮದ್ಯಸಾರ 112 ಇತ್ತು. ಕೆಳಗಿನ ನ್ಯಾಯಾಲಯವು ವಿಧಿಸಿದ್ದು ಆರು ತಿಂಗಳು. ಹೈಕೋರ್ಟು ಅದನ್ನು ಮೂರು ವರ್ಷಗಳಿಗೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಮೂರು ವರ್ಷವನ್ನು ಎತ್ತಿಹಿಡಿಯಿತು. ಏಳು ಜೀವಗಳ ಮುಂದೆ ಆರು ತಿಂಗಳಿಗೂ ಅರ್ಥವಿಲ್ಲ, ಮೂರು ವರ್ಷಕ್ಕೂ ಅರ್ಥವಿಲ್ಲ. ಅಂಥ ಬೆಳಗು ಬರುವುದಕ್ಕೆ ಮುಂಚೆ ಕೆಲಸ ಮಾಡಬಲ್ಲ ಕಾನೂನು ಈ 185ನೆಯ ಕಲಮೊಂದೇ. ಏನೂ ಆಗದಿದ್ದಾಗ ಶಿಕ್ಷಿಸುವುದೇ ಅದರ ಉದ್ಯೋಗ. ಕಾರ್ಟರ್ ರಸ್ತೆಯ 112 ಮತ್ತು ಓಣಿಯ ಬಾಯಿನ 96, ಈ ಎರಡರ ನಡುವೆ ಇರುವುದು ಹದಿನಾರು ಅಂಕಿಗಳು ಮಾತ್ರ.

ನ್ಯಾಯಾಲಯದ ಜಗಲಿಯಲ್ಲಿ ಆ ಬೆಳಿಗ್ಗೆ ಮೂವತ್ತು ನಲವತ್ತು ಜನ ನಿಂತಿದ್ದರು. ಆಟೋ ಚಾಲಕರು, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗರು, ಇಸ್ತ್ರಿ ಮಾಡಿದ ಅಂಗಿಯ ಕಂಪೆನಿ ನೌಕರರು. ರಸ್ತೆಯಲ್ಲಿ ಎಂದೂ ಒಂದು ಸಾಲಿನಲ್ಲಿ ನಿಲ್ಲದ ಇವರೆಲ್ಲ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದರು. ಕಾನೂನಿನಲ್ಲಿ ಒಂದು ಸಣ್ಣ ಪದವಿದೆ: ಅಥವಾ. ಸಜೆ, ಅಥವಾ ಜುಲ್ಮಾನೆ, ಅಥವಾ ಎರಡೂ. ಜಗಲಿಯಲ್ಲಿ ನಿಂತವರೆಲ್ಲರ ಪ್ರಾರ್ಥನೆಯೂ ಆ ಮೊದಲನೆಯ 'ಅಥವಾ'ದ ಆಚೆಯ ದಡವನ್ನು ಮುಟ್ಟಿದರೆ ಸಾಕೆಂಬುದು. ಹದಿನೈದು ಸಾವಿರವೆಂದರೆ ಒಬ್ಬನಿಗೆ ಮಗನ ಶಾಲೆಯ ಫೀಜು, ಇನ್ನೊಬ್ಬನಿಗೆ ಎರಡು ಸಂಜೆಯ ಖರ್ಚು. ದಂಡದ ತಕ್ಕಡಿ ಇಬ್ಬರನ್ನೂ ಒಂದೇ ಕಲ್ಲಿನಿಂದ ತೂಗುತ್ತದೆ. ಈ ಅನ್ಯಾಯಕ್ಕೆ 2019ರ ತಿದ್ದುಪಡಿಯಲ್ಲಿ ಪರಿಹಾರವಿಲ್ಲ.

ಆದರೆ ಎರಡನೆಯ ಸಲದವರಿಗೆ 'ಅಥವಾ' ಇಲ್ಲದ ಒಂದು ಶಿಕ್ಷೆಯುಂಟು, ಜಗಲಿಯಲ್ಲಿ ಬಹಳ ಜನಕ್ಕೆ ಅದರ ಅರಿವಿರಲಿಲ್ಲ. 185ನೆಯ ಕಲಮಿನ ಕೆಳಗೆ ಒಮ್ಮೆ ಶಿಕ್ಷೆಯಾದವನಿಗೆ ಅದೇ ಕಲಮಿನ ಕೆಳಗೆ ಮತ್ತೊಮ್ಮೆ ಶಿಕ್ಷೆಯಾದರೆ, ನ್ಯಾಯಾಲಯವು ಅವನ ಲೈಸೆನ್ಸನ್ನು ರದ್ದುಪಡಿಸತಕ್ಕದ್ದು ಎಂದು 22ನೆಯ ಕಲಮು ಹೇಳುತ್ತದೆ. ರದ್ದುಪಡಿಸಬಹುದು ಎಂದಲ್ಲ, ರದ್ದುಪಡಿಸತಕ್ಕದ್ದು. ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ಪ್ರಾಚೀನರು ನಾಲ್ಕು ಬಗೆಯನ್ನು ಹೇಳಿದರು. ಇದು ಆ ನಾಲ್ಕರಲ್ಲಿಯೂ ಸೇರದ ದಂಡ. ಜೇಬಿಗೂ ಅಲ್ಲ, ಮೈಗೂ ಅಲ್ಲ. ಸಮಾಜವು ಒಬ್ಬ ಮನುಷ್ಯನ ಮೇಲಿಟ್ಟಿದ್ದ ನಂಬಿಕೆಯೊಂದನ್ನು ಹಿಂದಕ್ಕೆ ಪಡೆಯುವುದು. ಆಟೋ ಚಾಲಕನಿಗೆ ಅದು ಒಲೆಯ ಪ್ರಶ್ನೆಯೂ ಆಗಿಬಿಡುತ್ತದೆ. ಕಂಪೆನಿ ನೌಕರನಿಗೆ ಮಾನದ ಪ್ರಶ್ನೆ.

ಗೃಹಸ್ಥನ ಸರದಿ ಬಂದದ್ದು ಹನ್ನೆರಡು ಗಂಟೆಯ ಮೇಲೆ. ಒಳಗಿದ್ದದ್ದು ನಾಲ್ಕೇ ನಿಮಿಷ. ಸಜೆ ತಪ್ಪಿತು, ಹದಿನೈದು ಸಾವಿರ ಕಟ್ಟಿದನು, ಲೈಸೆನ್ಸು ರದ್ದಾಯಿತು. ಹೊರಗೆ ಬಂದಾಗ ಅವನ ಹೆಂಡತಿ ವಕೀಲರನ್ನು ಒಂದು ಕಡೆಗೆ ಕರೆದು ಏನನ್ನೋ ಕೇಳುತ್ತಿದ್ದಳು. ಸ್ಕೂಟರು ಆಕೆಯ ಹೆಸರಿನಲ್ಲಿದೆ. ಆಕೆಯ ಚೀಟಿಯ ಹಣದಲ್ಲಿ ಕೊಂಡದ್ದು. ಲೈಸೆನ್ಸಿಲ್ಲದವನಿಗೆ ಓಡಿಸಲು ಬಿಟ್ಟರೆ ಗಾಡಿಯ ಒಡೆಯನಿಗೂ ಮೂರು ತಿಂಗಳವರೆಗೆ ಸಜೆಯೋ ಐದು ಸಾವಿರ ಜುಲ್ಮಾನೆಯೋ ಆಗಬಹುದೆಂದು ವಕೀಲರು ಹೇಳಿದರು. ಆಕೆ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಗೂಟದ ಮೇಲೆ ಸ್ಕೂಟರಿನ ಕೀಲಿಕೈ ಇರಲಿಲ್ಲ. ಅವನು ಎರಡು ಸಲ ಹುಡುಕಿ, ಅಡಿಗೆಮನೆಯ ಬಾಗಿಲಿಗೆ ಬಂದು, "ಕೀ ಎಲ್ಲಿ?" ಎಂದನು.

"ನನ್ನ ಬೀರುವಿನಲ್ಲಿದೆ."

"ಮಗೂನ ಶಾಲೆಗೆ ಬಿಟ್ಟು ಬರುತ್ತೇನೆ. ಇಲ್ಲೇ ಎರಡು ಬೀದಿ ತಾನೇ."

ಆಕೆ ಒಗ್ಗರಣೆಯ ಸೌಟನ್ನು ಕೆಳಗಿಡಲಿಲ್ಲ. "ರೀ, ನಿಮ್ಮ ಲೈಸೆನ್ಸು ಹೋಯಿತು. ಇನ್ನು ಕೋರ್ಟಿಗೆ ಹೋಗುವ ಸರದಿ ನನ್ನದಾಗುವುದು ಬೇಡ. ಅವಳು ನಡೆದುಕೊಂಡು ಹೋಗುತ್ತಾಳೆ. ನೀವೂ ಜೊತೆಗೆ ನಡೆಯಿರಿ."

ನಡೆದರು. ತಂದೆಯೂ ಮಗಳೂ ಮೊದಲ ಬೀದಿಯಲ್ಲಿ ಏನೂ ಮಾತನಾಡಲಿಲ್ಲವಂತೆ. ಎರಡನೆಯ ಬೀದಿಯಲ್ಲಿ ಅವಳು ತನ್ನ ಶಾಲೆಯ ಚೀಲವನ್ನು ಅವನ ಕೈಗೆ ಕೊಟ್ಟಳಂತೆ.

ಎರಡು ಶುಕ್ರವಾರ ಅವನು ಕಚೇರಿಯಿಂದ ನೇರವಾಗಿ ಬಸ್ಸಿನಲ್ಲಿ ಬಂದನು. ಮೂರನೆಯ ಶುಕ್ರವಾರ ಬರಲಿಲ್ಲ. ಹನ್ನೊಂದು ಗಂಟೆಗೆ ಗೇಟಿನ ಮುಂದೆ ಆಟೋ ನಿಂತ ಸದ್ದಾಯಿತು. ಬಾಗಿಲ ಬಳಿಯ ಕುರ್ಚಿ ಖಾಲಿಯಿತ್ತು. ಆಕೆ ಒಳಗೆ ಮಗಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಎದ್ದು ಬಂದು ಬಾಗಿಲು ತೆರೆದಳು, ವಾಸನೆ ಹತ್ತಿತು, ಏನೂ ಹೇಳಲಿಲ್ಲ. ಅವನು ಚಿಲ್ಲರೆಯಿಲ್ಲವೆಂದಾಗ ತಾನೇ ಹೋಗಿ ಆಟೋದವನಿಗೆ ಹಣ ಕೊಟ್ಟು ಬಂದಳು. ಆಮೇಲೆ ಅಡಿಗೆಮನೆಗೆ ಹೋಗಿ ದೀಪ ಹಾಕಿ, ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು. ಕೊನೆಗೆ ಚೌಕದಲ್ಲಿ, ಹಾಲಿನ ಲೆಕ್ಕದ ಕೆಳಗೆ, 'ಆಟೋ 180' ಎಂದು ಬರೆದು ದೀಪವನ್ನು ಆರಿಸಿದಳು.